ನಿಮ್ಮ ಸರ್‌ನೇಮ್ ಏನು?

1/6
ಸ್ಕ್ರಾಲ್ ಮಾಡೋಕೆ ಮುಂಚೆ ಒಂದೇ ಒಂದು ಪ್ರಶ್ನೆ. ನಿಮ್ಮ ಸರ್‌ನೇಮ್ ಏನು?

ಯೋಚನೆ ಮಾಡ್ತಿದ್ದೀರ ಅಲ್ವಾ? ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ. ಇರೋದು ಇನಿಷಿಯಲ್. ಒಂದಕ್ಷರ ಊರದ್ದು, ಒಂದಕ್ಷರ ಅಪ್ಪಂದು, ಆಮೇಲೆ ನಮ್ಮ ಹೆಸರು. ಕ್ಲಾಸಲ್ಲಿ ಅಟೆಂಡೆನ್ಸ್ ಕೂಗುವಾಗ ಇದರಿಂದ ಯಾವ ತೊಂದರೆನೂ ಇಲ್ಲ. ಪಾಸ್‌ಪೋರ್ಟ್ ಫಾರ್ಮ್ ತುಂಬಕ್ಕೆ ಕೂತಾಗ, ಕಡಿಮೆ ರೇಟಿನ ಫ್ಲೈಟ್ ಟಿಕೆಟ್ ಹುಡುಕಿ ಬುಕ್ ಮಾಡುವಾಗ, ಆಮೇಲೆ ವೆಬ್ ಚೆಕ್‌-ಇನ್ ಮಾಡುವಾಗ ಶುರುವಾಗುತ್ತೆ ಅಸಲಿ ಕಥೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ತಪ್ಪು ನಮ್ಮ ಹೆಸರಲ್ಲಿಲ್ಲ, ಫಾರ್ಮಲ್ಲಿದೆ. ಆದ್ರೆ ಫಾರ್ಮ್ ಬದಲಾಗೋವರೆಗೂ ಕೈ ಕಟ್ಕೊಂಡು ಕೂತರೆ ಕಷ್ಟ ನಮಗೇ.

2/6
ನಮ್ಮ ಹೆಸರಿನ ಪದ್ಧತಿ ಏನು ಸಾಮಾನ್ಯದ್ದಲ್ಲ ಕಣ್ರೀ. ‘ದುರ್ಗಾಸ್ತಮಾನ’ ಬರೆದ ತ.ರಾ.ಸು. ಅವರನ್ನೇ ತಗೊಳ್ಳಿ. ‘ತ’ ಅಂದ್ರೆ ತಳುಕು, ನಮ್ಮ ಚಳ್ಳಕೆರೆ ತಾಲ್ಲೂಕಿನ ಊರು. ‘ರಾ’ ಅಂದ್ರೆ ತಂದೆ ರಾಮಸ್ವಾಮಯ್ಯ. ‘ಸು’ ಅಂದ್ರೆ ಸುಬ್ಬರಾವ್. ಮೂರೇ ಅಕ್ಷರದಲ್ಲಿ ಊರು, ಅಪ್ಪ, ತಾನು. ಎಸ್. ನಿಜಲಿಂಗಪ್ಪ ಅವರ ‘ಎಸ್’ ಸಿದ್ದವ್ವನಹಳ್ಳಿ. ಎಚ್.ಡಿ. ದೇವೇಗೌಡರ ‘ಎಚ್’ ಹರದನಹಳ್ಳಿ, ‘ಡಿ’ ಅವರ ತಂದೆ ದೊಡ್ಡೇಗೌಡರು.

ಈಗ ಹೇಳಿ, ತ.ರಾ.ಸು. ಇವತ್ತು ಟಿಕೆಟ್ ಬುಕ್ ಮಾಡಿದ್ರೆ ‘ಲಾಸ್ಟ್ ನೇಮ್’ ಅನ್ನೋ ಜಾಗದಲ್ಲಿ ಏನು ಹಾಕಬೇಕಿತ್ತು? ತಳುಕಾ? ರಾಮಸ್ವಾಮಯ್ಯನಾ? ಇಲ್ಲಾ ಸುಬ್ಬರಾವ್‌ನಲ್ಲಿರೋ ‘ರಾವ್’ ಮಾತ್ರ ಕಿತ್ತು ಹಾಕಬೇಕಾ?

3/6
ಈಗ ಫಾರ್ಮ್‌ಗಳ ಕಡೆ ಬನ್ನಿ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯಲ್ಲ, ಪೂರ್ತಿ ಬಿಡಿಸಿ ಬರೀಬೇಕು. ಅಲ್ಲಿ ‘ಗಿವನ್ ನೇಮ್’ ಕಡ್ಡಾಯ, ‘ಸರ್‌ನೇಮ್’ ಖಾಲಿ ಬಿಡಬಹುದು. ಪ್ಯಾನ್ ಕಾರ್ಡ್ ಅರ್ಜಿ ಇದಕ್ಕೆ ಉಲ್ಟಾ. ಒಂದೇ ಹೆಸರಿದ್ರೆ ಅದನ್ನ ‘ಲಾಸ್ಟ್ ನೇಮ್’ ಜಾಗದಲ್ಲಿ ಹಾಕಬೇಕು. ಎರಡೂ ಕೇಂದ್ರ ಸರ್ಕಾರದ್ದೇ ಫಾರ್ಮ್, ಹೆಸರು ಮಾತ್ರ ಒಂದು ಕಡೆ ಬಲಕ್ಕೆ, ಇನ್ನೊಂದು ಕಡೆ ಎಡಕ್ಕೆ! ಇದರ ಮಧ್ಯೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಎರಡು ಇನಿಷಿಯಲ್, ಆಧಾರಲ್ಲಿ ಒಂದೇ. ಸ್ಪೆಲಿಂಗ್ ಬೇರೆ. ನಾಯಕನಹಟ್ಟಿ ಸ್ವಾಮಿ ಹೆಸರಿಟ್ಟುಕೊಂಡ ತಿಪ್ಪೇಸ್ವಾಮಿಗಳು ನಮ್ಮಲ್ಲಿ ಊರಿಗೆ ಹತ್ತು ಜನ ಇದ್ದಾರೆ. ಇಂಗ್ಲಿಷಲ್ಲಿ ‘ಟಿ’ ಆದ ಮೇಲೆ ‘ಎಚ್’ ಇದೆಯಾ ಇಲ್ವಾ, ಕೊನೆಗೆ ‘ವೈ’ಯಾ ‘ಐ’ಯಾ ಅನ್ನೋದು ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರು ಬರೆದ ಹಾಗೆ.

‘ಸರ್‌ನೇಮ್ ಖಾಲಿ ಬಿಟ್ರೆ ಏನಾಗುತ್ತೆ ಬಿಡ್ರಿ’ ಅಂತೀರಾ? 2022ರ ನವೆಂಬರ್ 21ರಿಂದ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ವಿಸಿಟ್ ವೀಸಾದಲ್ಲಿ ಬರೋರಿಗೆ ಪ್ರವೇಶ ಇಲ್ಲ ಅಂದಿತು. ಆಮೇಲೆ ಎರಡನೇ ಪುಟದಲ್ಲಿ ತಂದೆ ಹೆಸರೋ ಮನೆತನದ ಹೆಸರೋ ಇದ್ರೆ ಆಗುತ್ತೆ ಅಂತ ಸಡಿಲ ಮಾಡಿದ್ರು. ದುಬೈಗೆ ಹೋಗೋ ಕನಸಿರೋರು ಇದನ್ನ ಮರೀಬೇಡಿ.

4/6
ಇನ್ನು ವೆಬ್ ಚೆಕ್‌-ಇನ್.

ದೇಶದ ಮೊದಲ ಅಗ್ಗದ ವಿಮಾನ ಕಂಪನಿ ಏರ್ ಡೆಕ್ಕನ್. 2003ರಲ್ಲಿ ಶುರು ಮಾಡಿದ್ದು ನಮ್ಮ ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಬಸ್ಸಲ್ಲಿ ಓಡಾಡೋರೂ ವಿಮಾನ ಹತ್ತಬೇಕು ಅನ್ನೋದು ಆಸೆ. ಆಸೆ ಸರಿ, ಆದ್ರೆ ಅಗ್ಗದ ಟಿಕೆಟ್‌ನ ಲೆಕ್ಕ ಕಾಮರ್ಸ್ ಓದೋ ನಮಗೆ ಅರ್ಥ ಆಗಬೇಕು. ಟಿಕೆಟ್ ಬೆಲೆ ಇಳಿಸಿ, ಸೀಟು, ಊಟ, ಲಗೇಜಿಗೆ ಬೇರೆ ಬೇರೆ ದುಡ್ಡು. 2018ರ ನವೆಂಬರ್‌ನಲ್ಲಿ ಇಂಡಿಗೋ ವೆಬ್ ಚೆಕ್‌-ಇನ್‌ನಲ್ಲಿ ಎಲ್ಲಾ ಸೀಟಿಗೂ ದುಡ್ಡು ಅಂದಾಗ ದೊಡ್ಡ ಗಲಾಟೆ ಆಯ್ತು. ಕೋವಿಡ್ ಟೈಮಲ್ಲಿ ವೆಬ್ ಚೆಕ್‌-ಇನ್ ಕಡ್ಡಾಯ ಆಯ್ತು, ಕೌಂಟರಲ್ಲಿ ಬೋರ್ಡಿಂಗ್ ಪಾಸ್ ಕೇಳಿದ್ರೆ 200 ರೂಪಾಯಿ ಅಂದ್ರು. 2022ರ ಜುಲೈನಲ್ಲಿ ವಿಮಾನಯಾನ ಸಚಿವಾಲಯವೇ, ಕೌಂಟರ್ ಬೋರ್ಡಿಂಗ್ ಪಾಸ್‌ಗೆ ಹೆಚ್ಚುವರಿ ದುಡ್ಡು ತಗೊಳ್ಳಂಗಿಲ್ಲ ಅಂತ ಹೇಳಿತು. ಇದು ನೆನಪಿರಲಿ. ಯುರೋಪಿನ ರಯಾನ್‌ಏರ್‌ನಂಥ ಕಂಪನಿಗಳಲ್ಲಿ ಈ ರಕ್ಷಣೆ ಇಲ್ಲ. ಆನ್‌ಲೈನ್ ಚೆಕ್‌-ಇನ್ ಮರೆತು ಹೋದವರು ಏರ್‌ಪೋರ್ಟಲ್ಲಿ ಟಿಕೆಟ್‌ಗಿಂತ ಜಾಸ್ತಿ ದಂಡ ಕಟ್ಟಿರೋದೂ ಉಂಟು.

ಹೆಸರು ಹೊಂದದಿದ್ರೆ ಏನಾಗುತ್ತೆ? ‘ಕೌಂಟರಿಗೆ ಬನ್ನಿ’ ಅಂತ ಮೆಸೇಜ್ ಬರುತ್ತೆ. ಬೆಂಗಳೂರಿನವರಿಗೆ ಅದೇನು ದೊಡ್ಡದಲ್ಲ, ಮನೆಯಿಂದ ಯಾರಾದ್ರೂ ದಾಖಲೆ ತಂದುಕೊಡ್ತಾರೆ. ನಾವು ಹೊಸದುರ್ಗದ ಹಳ್ಳಿಯಿಂದ ಹಿರಿಯೂರಿಗೆ ಬಂದು, ಅಲ್ಲಿಂದ ಹೈವೇ ಬಸ್ ಹಿಡಿದು, ಮೆಜೆಸ್ಟಿಕಲ್ಲಿ ಇಳಿದು, ಮತ್ತೆ ದೇವನಹಳ್ಳಿಗೆ ಇನ್ನೊಂದು ಬಸ್ ಹತ್ತಬೇಕು. ಬೆಳಗ್ಗೆ 6ರ ಫ್ಲೈಟ್ ಅಂದ್ರೆ ಹಿಂದಿನ ರಾತ್ರಿನೇ ಊರು ಬಿಟ್ಟಿರಬೇಕು. ಹೊಳಲ್ಕೆರೆಯವರಿಗೆ 2023ರಲ್ಲಿ ಶುರುವಾದ ಶಿವಮೊಗ್ಗ ಏರ್‌ಪೋರ್ಟ್ ಹತ್ತಿರ, ಆದ್ರೆ ಅಲ್ಲಿಂದ ವಿದೇಶಕ್ಕೆ ನೇರ ವಿಮಾನ ಇಲ್ಲ. ಒಂದು ಅಕ್ಷರದ ತಪ್ಪಿಗೆ 200 ಕಿಲೋಮೀಟರ್ ದೂರದವರು ಕೊಡೋ ಬೆಲೆನೇ ಬೇರೆ.

5/6
ಇದು ನನಗೆ ಸಿಟ್ಟು ಬರೋ ವಿಷಯ.

ಸೈಬರ್ ಸೆಂಟರಲ್ಲಿ ‘ಸರ್‌ನೇಮ್ ಇಲ್ವಾ? ಜಾತಿ ಯಾವುದು ಹೇಳಿ, ಅದನ್ನೇ ಹಾಕೋಣ’ ಅನ್ನೋರಿದ್ದಾರೆ. ಎರಡು ನಿಮಿಷದ ಸಲಹೆ ಅದು. ಪಾಸ್‌ಪೋರ್ಟ್ 10 ವರ್ಷ ಇರುತ್ತೆ, ವೀಸಾ, ಡಿಗ್ರಿ, ಕೆಲಸದ ಆಫರ್ ಲೆಟರ್ ಎಲ್ಲಾ ಅದನ್ನೇ ಹಿಂಬಾಲಿಸುತ್ತೆ. ಅಪ್ಪ ಅಮ್ಮ ಇಡದೇ ಇದ್ದ ಜಾತಿ ಹೆಸರನ್ನ ಒಂದು ಕೆಂಪು ಸ್ಟಾರ್ ಗುರುತಿಗೆ ಹೆದರಿ ನಾವ್ಯಾಕೆ ಅಂಟಿಸಿಕೊಳ್ಳಬೇಕು? ಹಾಕ್ಕೊಳ್ಳೋದು ನಿಮಗೆ ಇಷ್ಟ ಇದ್ರೆ ಅದು ನಿಮ್ಮ ಹಕ್ಕು. ಆದ್ರೆ ತೀರ್ಮಾನ ನಿಮ್ಮದಾಗಿರಲಿ, ಟೈಪ್ ಮಾಡೋರದ್ದಲ್ಲ.

ಹುಡುಗೀರಿಗೆ ಇನ್ನೊಂದು ಮಾತು. ‘ಹೆಂಗೂ ಮದುವೆ ಆದ್ಮೇಲೆ ಹೆಸರು ಬದಲಾಗುತ್ತೆ, ಆಗ ಮಾಡಿಸಿದ್ರಾಯ್ತು’ ಅಂತ ಮನೇಲಿ ಹೇಳಿದ್ರೆ ಒಪ್ಕೋಬೇಡಿ. ಮದುವೆ ಆದ್ರೂ ಹೆಸರು ಬದಲಿಸಲೇಬೇಕು ಅಂತ ನಿಯಮ ಇಲ್ಲ. 2016ರ ಡಿಸೆಂಬರ್‌ನಲ್ಲೇ ಪಾಸ್‌ಪೋರ್ಟ್‌ಗೆ ಮದುವೆ ಸರ್ಟಿಫಿಕೇಟ್ ಬೇಕು ಅನ್ನೋದನ್ನ ತೆಗೆದಿದ್ದಾರೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರಿದ್ರೂ ಸಾಕು ಅಂತನೂ ಆಗಲೇ ಆಯ್ತು.

6/6
ಹಾಗಾದ್ರೆ ಏನು ಮಾಡೋಣ?

▪️ ಮೊದಲು ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ಮೂರನ್ನೂ ಪಕ್ಕಪಕ್ಕ ಇಟ್ಟು ಸ್ಪೆಲಿಂಗ್ ನೋಡಿ. ಹೊಂದದೇ ಇರೋದನ್ನ ಅರ್ಜಿಗೆ ಮುಂಚೆ ಸರಿ ಮಾಡಿಸಿ.
▪️ ಬಿಡಿಸಿದ ಇನಿಷಿಯಲ್ ಎಲ್ಲಿ ಹಾಕಬೇಕು ಅಂತ ಮನೇಲಿ ಕೂತು ತೀರ್ಮಾನ ಮಾಡಿ. ನನ್ನ ವೋಟು ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗಕ್ಕೆ.
▪️ ಅರ್ಜಿ ಸರ್ಕಾರದ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಲ್ಲೇ ಹಾಕಿ. ಅದನ್ನೇ ಹೋಲೋ ನಕಲಿ ಸೈಟ್‌ಗಳಿವೆ. ಸಾಮಾನ್ಯ ಫೀ 1500 ರೂಪಾಯಿ, ತತ್ಕಾಲ್ ಆದ್ರೆ 3500.
▪️ ಪೋಸ್ಟ್ ಆಫೀಸಲ್ಲೇ ಪಾಸ್‌ಪೋರ್ಟ್ ಕೇಂದ್ರ ಅನ್ನೋದು 2017ರ ಜನವರಿಯಲ್ಲಿ ಮೈಸೂರಿಂದ ಶುರುವಾಯ್ತು. ದಾವಣಗೆರೆಯಲ್ಲೂ ಇದೆ. ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ.
▪️ ಹಾಸ್ಟೆಲಲ್ಲಿರೋರು ಯಾವ ವಿಳಾಸ ಕೊಡ್ತೀರ ಅಂತ ಯೋಚಿಸಿ. ಪೊಲೀಸ್ ವೆರಿಫಿಕೇಶನ್ ಆ ವಿಳಾಸದ ಠಾಣೆಗೇ ಹೋಗುತ್ತೆ.
▪️ ಟಿಕೆಟಲ್ಲಿ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಹೆಸರು. ವೆಬ್ ಚೆಕ್‌-ಇನ್ ಓಪನ್ ಆದ ತಕ್ಷಣ ಮಾಡಿ. ಸಮಸ್ಯೆ ಇದ್ರೆ ಊರಲ್ಲಿರುವಾಗಲೇ ಗೊತ್ತಾಗಲಿ.

ಇದು ನಮ್ಮ ಪಾಲಿನ ಕೆಲಸ. ಸರ್ಕಾರದ ಪಾಲಿನದ್ದೂ ಇದೆ. ಪಾಸ್‌ಪೋರ್ಟ್, ಪ್ಯಾನ್, ಆಧಾರ್ ಮೂರರಲ್ಲೂ ಹೆಸರಿಗೆ ಒಂದೇ ನಿಯಮ ತರಲಿ. ಈ ದೇಶದಲ್ಲಿ ವ್ಯಾಪಾರ ಮಾಡೋ ವಿಮಾನ ಕಂಪನಿಗಳು ಸರ್‌ನೇಮ್ ಇಲ್ಲದೋರಿಗೂ ದಾರಿ ಇಟ್ಟಿರಲಿ. ಅಂತರರಾಷ್ಟ್ರೀಯ ಪಾಸ್‌ಪೋರ್ಟ್ ಮಾನದಂಡವೇ ಎರಡು ಭಾಗ ಮಾಡಕ್ಕಾಗದ ಹೆಸರನ್ನ ಇಡಿಯಾಗಿ ಒಂದೇ ಭಾಗ ಅಂತ ಒಪ್ಪುತ್ತೆ. ಹಾಗಿರುವಾಗ ಟಿಕೆಟ್ ಮಾರೋ ಆ್ಯಪ್‌ಗೆ ಏನು ಕಷ್ಟ?

ನಿಮ್ಮ ಇನಿಷಿಯಲ್ ಬಿಡಿಸಿದ್ರೆ ಏನು ಬರುತ್ತೆ? ಊರಾ, ಅಪ್ಪನಾ, ಅಮ್ಮನಾ? ಕಾಮೆಂಟಲ್ಲಿ ಆ ಊರಿನ ಹೆಸರು ಮಾತ್ರ ಹಾಕಿ, ಪೂರ್ತಿ ಹೆಸರು ಬೇಡ. ಫೈನಲ್ ಇಯರ್‌ನಲ್ಲಿರೋ ಫ್ರೆಂಡಿಗೆ ಶೇರ್ ಮಾಡಿ, ನೀವು ಸೇವ್ ಮಾಡ್ಕೊಳ್ಳಿ.

#ನಮ್ಮಹೆಸರುನಮ್ಮೂರು #ಚಿತ್ರದುರ್ಗ #ಹಿರಿಯೂರು #ಹೊಸದುರ್ಗ #ಹೊಳಲ್ಕೆರೆ #ಬಿಕಾಂಬದುಕು