ಸುಳ್ಳು ಒಂದೇ, ಪರಿಹಾರ ಅವರಿಗೆ ಮಾತ್ರ

ಸತ್ಯಂ ಕಂಪನಿಯ ಹೆಸರನ್ನು ನಮ್ಮಲ್ಲಿ ಅನೇಕರು ಮರೆತಂತಿದೆ. ಮರೆಯಲಾಗದವರೂ ಇದ್ದಾರೆ. ಅದರ ಸ್ಥಾಪಕ ರಾಮಲಿಂಗ ರಾಜು 2009ರ ಜನವರಿ 7ರಂದು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಹಿಂದಿನ ದಿನ 179 ರೂಪಾಯಿ ಇದ್ದ ಷೇರು ಅಂದು 40ರ ಆಸುಪಾಸಿಗೆ ಕುಸಿಯಿತು. ಕೆಲವೇ ತಿಂಗಳ ಮುಂಚೆ, 2008ರಲ್ಲಿ, ಇದೇ ಕಂಪನಿಗೆ ಉತ್ತಮ ಆಡಳಿತಕ್ಕೆಂದು 'ಗೋಲ್ಡನ್ ಪೀಕಾಕ್' ಪ್ರಶಸ್ತಿ ಬಂದಿತ್ತು!

ಮುಂದಿನ ಕಥೆಯನ್ನು ಪುಣೆಯವರಾದ ನಾವು ತಿಳಿದಿರಬೇಕು. ಸತ್ಯಂ 2013ರಲ್ಲಿ ಲೀನವಾದದ್ದು ನಮ್ಮೂರಿನ ಟೆಕ್ ಮಹೀಂದ್ರಾದಲ್ಲಿಯೇ. ನ್ಯೂಯಾರ್ಕ್ ಪೇಟೆಯಲ್ಲಿ ಸತ್ಯಂ ಪತ್ರಗಳನ್ನು ಕೊಂಡವರು ಅಲ್ಲಿಯ ನ್ಯಾಯಾಲಯದಲ್ಲಿ ಒಟ್ಟಾಗಿ ದಾವೆ ಹೂಡಿದರು. 2011ರಲ್ಲಿ ಕಂಪನಿ 12.5 ಕೋಟಿ ಡಾಲರ್, ಲೆಕ್ಕ ತಪಾಸಣೆಯ ಸಂಸ್ಥೆ 2.55 ಕೋಟಿ ಡಾಲರ್ ಕೊಡಲು ಒಪ್ಪಿದವು. ಮುಂಬಯಿ ಪೇಟೆಯಲ್ಲಿ ಕೊಂಡ ನಮ್ಮವರಿಗೆ? ಅಂಥ ಪರಿಹಾರವೇನೂ ಬರಲಿಲ್ಲ. ಸಣ್ಣ ಷೇರುದಾರರ ಪರವಾಗಿ ರಾಷ್ಟ್ರೀಯ ಗ್ರಾಹಕ ಆಯೋಗದ ಮೆಟ್ಟಿಲೇರಿದವರು ಬರಿಗೈಲಿ ಇಳಿದರು. ಒಟ್ಟಾಗಿ ಪರಿಹಾರ ಕೇಳುವ ದಾರಿ ಆಗಿನ ಕಂಪನಿ ಕಾಯಿದೆಯಲ್ಲಿ ಇರಲೇ ಇಲ್ಲ.

"ಷೇರೆಂದರೆ ಜೂಜು, ಸೋತವನು ಸುಮ್ಮನಿರಬೇಕು" ಎಂದು ನಮ್ಮ ಹಿರಿಯರೇ ಹೇಳುವುದುಂಟು. ನಾವು ಒಪ್ಪುವುದಿಲ್ಲ. ವ್ಯಾಪಾರದಲ್ಲಿ ನಷ್ಟವಾದರೆ ಬಾಯಿ ಮುಚ್ಚಿಕೊಂಡಿರೋಣ. ಸುಳ್ಳು ಲೆಕ್ಕ ತೋರಿಸಿ ಮಾರಿದ್ದು ನಷ್ಟವಲ್ಲ, ಮೋಸ.

ಈಗ ದಾರಿ ಇದೆ. 2013ರ ಕಂಪನಿ ಕಾಯಿದೆಯ 245ನೆಯ ಕಲಮು 2016ರ ಜೂನ್ 1ರಿಂದ ಜಾರಿಯಲ್ಲಿದೆ. 100 ಮಂದಿ ಷೇರುದಾರರು ಅಥವಾ ಠೇವಣಿದಾರರು ಕೂಡಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು; ನಿರ್ದೇಶಕರಿಂದಲೂ, ದಾರಿ ತಪ್ಪಿಸುವ ಲೆಕ್ಕಕ್ಕೆ ರುಜು ಹಾಕಿದ ಆಡಿಟರನಿಂದಲೂ ಪರಿಹಾರ ಕೇಳಬಹುದು. (ಬ್ಯಾಂಕುಗಳಿಗೆ ಮಾತ್ರ ಈ ಕಲಮು ತಾಗದು. ಯಾಕೋ!) ಬಳಸಿದವರು ಮಾತ್ರ ಬೆರಳೆಣಿಕೆಯಷ್ಟು.

ನಮ್ಮವರಂತೂ ಬಾಯಿ ಬಿಡುವುದಿಲ್ಲ. ಖಡಕಿಯ ಕಾರ್ಖಾನೆಯಲ್ಲೋ ರೇಲ್ವೆಯಲ್ಲೋ ದುಡಿದು ಬಂದ ಫಂಡಿನ ಹಣ ಹೋಯಿತೆಂದರೆ ಊರಿನ ಅಣ್ಣತಮ್ಮಂದಿರು ನಕ್ಕಾರೆಂಬ ಭಯ. ಮಗಳ ಮದುವೆ ಮಾತುಕತೆಯಲ್ಲಿ ಸುದ್ದಿ ಹರಡೀತೆಂಬ ಭಯ. ಎಷ್ಟೋ ಮನೆಗಳಲ್ಲಿ ಹೆಂಡತಿಗೂ ಹೇಳಿರುವುದಿಲ್ಲ. ಸುಳ್ಳು ಹೇಳಿದವನು ತಲೆಯೆತ್ತಿ ತಿರುಗುತ್ತಾನೆ, ನಾವು ತಲೆ ತಗ್ಗಿಸುತ್ತೇವೆ!

ಯಕ್ಷಗಾನಕ್ಕೆ ನೂರು ಟಿಕೇಟು ಮಾರಬಲ್ಲ ನಮಗೆ ನೂರು ರುಜು ಕೂಡಿಸುವುದು ಕಷ್ಟವೆ? ಹಣ ಕಳಕೊಂಡವರು ಮೊದಲು ಸಂಘದಲ್ಲಿ ಬಾಯಿ ಬಿಡಲಿ; ಒಂದೇ ಕಂಪನಿಯಲ್ಲಿ ಸಿಕ್ಕಿಕೊಂಡವರು ಎಷ್ಟು ಮಂದಿಯೆಂದು ಎಣಿಸೋಣ. ಅಲ್ಲಿಯವರೆಗೆ ಹಳೆಯ ಠೇವಣಿ ರಸೀದಿ, ವಾರ್ಷಿಕ ವರದಿ, ಸ್ಥಾಪಕರ ಭಾಷಣವಿದ್ದ ಜಾಹೀರಾತು, ಯಾವುದನ್ನೂ ರದ್ದಿಯವನಿಗೆ ಹಾಕಬೇಡಿ.