ತಿಂಗಳಿಗೆರಡು ಪತ್ರ, ಉತ್ಸಾಹದ ಮಾತು ಬಿಡಿ

"ಇಷ್ಟು ವರ್ಷ ಬಿಡದೆ ನ್ಯೂಸ್‌ಲೆಟರ್ ಬರೀತೀರಲ್ಲ ಸಾರ್, ಉತ್ಸಾಹ ಎಲ್ಲಿಂದ ಬರುತ್ತೆ?" ಅಂತ ಇತ್ತೀಚೆಗೆ ಹಲವರು ಕೇಳುತ್ತಿದ್ದಾರೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರು ತಾವೂ ಒಂದನ್ನು ಶುರು ಮಾಡಿದವರೇ. ನಾಲ್ಕೈದು ಸಂಚಿಕೆ ಜೋರಾಗಿ ಬರುತ್ತದೆ. ಆಮೇಲೆ ಮಗಳ ಪರೀಕ್ಷೆ, ಊರಿನ ಮದುವೆ, ಮಳೆಗಾಲದ ಲೋಕಲ್ ಟ್ರೇನು... ಅಲ್ಲಿಗೆ ಮುಗಿಯಿತು.

ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಉತ್ಸಾಹ ಅನ್ನುವುದು ನೆಂಟರ ಹಾಗೆ ಸ್ವಾಮಿ. ಬಂದಾಗ ಮನೆ ತುಂಬ ಗದ್ದಲ, ಸಂತೋಷ. ಆದರೆ ನೆಂಟರನ್ನು ನಂಬಿಕೊಂಡು ಯಾರಾದರೂ ಮನೆ ನಡೆಸುತ್ತಾರೆಯೇ? ಮನೆ ನಡೆಯುವುದು ದಿನಾ ಬೆಳಿಗ್ಗೆ ಎದ್ದು ಹಾಲು ಕಾಯಿಸುವವರಿಂದ. ಬರೆಯುವುದೂ ಹಾಗೇ ಅಂತ ನನ್ನ ಅಭಿಪ್ರಾಯ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಡೊಂಬಿವಲಿಯಲ್ಲಿರುವ ಬ್ಯಾಂಕ್ ಅಧಿಕಾರಿ, ಓದಿದ್ದು ಬಿಕಾಂ, ಸಾಹಿತಿ ಅಲ್ಲ. 2014ರಿಂದ ತಿಂಗಳಿಗೆ ಎರಡು ಸಲ, ಮುನ್ನೂರು ಚಿಲ್ಲರೆ ಕನ್ನಡಿಗರಿಗೆ ಇಮೇಲಿನಲ್ಲಿ ಒಂದು ಪತ್ರ ಹೋಗುತ್ತದೆ. ಡೆಪಾಸಿಟ್ಟು, ನಾಮಿನಿ, ಲಾಕರು, ವಿಲ್ಲು, ಹಿರಿಯರ ಬಡ್ಡಿ... ಇಂಥ ವಿಷಯ ತಿಳಿಗನ್ನಡದಲ್ಲಿ. ಕೊನೆಗೆ ಓದಿದ ಒಂದು ಕನ್ನಡ ಪುಸ್ತಕದ ಬಗ್ಗೆ ನಾಲ್ಕು ಮಾತು. ಓದುಗರು ಮುಂಬಯಿ, ಠಾಣೆ, ಪುಣೆ ಕಡೆಯವರು. ಹೋಟೆಲು ನಡೆಸುವವರಿದ್ದಾರೆ, ನಿವೃತ್ತರಿದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರೂ ಇದ್ದಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ.

ನಮ್ಮ ಭಾಷೆಯಲ್ಲಿ ಈ ಕಷ್ಟ ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕೂಡ ನನ್ನ ಪತ್ರದ ಹಾಗೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಅದನ್ನು ಹೊರತಂದರು. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು, ಬಹಳ ಕಾಲ ನಡೆಯಲಿಲ್ಲ. ಆದರೂ ಜುಲೈ 1ನ್ನೇ ನಾವು ಪತ್ರಿಕಾ ದಿನ ಅಂತ ಆಚರಿಸುವುದು. ಹಾಗಾಗಿ ಬೇಗ ನಿಂತದ್ದೆಲ್ಲ ವ್ಯರ್ಥ ಅಂತ ನಾನು ಹೇಳುವುದಿಲ್ಲ.

ನನಗೆ ಇನ್ನೂ ಹತ್ತಿರದ ಉದಾಹರಣೆ 'ಕೊರವಂಜಿ'. ರಾಶಿ ಅಂತ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆ ನಗೆ ಮಾಸಿಕ ಶುರು ಮಾಡಿದರು. ಯುದ್ಧಕಾಲ, ಕಾಗದಕ್ಕೇ ಬರ. ವೃತ್ತಿಯಿಂದ ಅವರು ಬೆಂಗಳೂರಿನ ವೈದ್ಯರು. ರೋಗಿಗಳನ್ನು ನೋಡಿ, ಆಮೇಲೆ ನಗಿಸುವ ಕೆಲಸ! ಆರ್.ಕೆ. ಲಕ್ಷ್ಮಣರ ಆರಂಭದ ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು. 1967ರ ತನಕ, ಅಂದರೆ 25 ವರ್ಷ ನಡೆಸಿದರು. 25 ವರ್ಷವೂ ಪ್ರತಿ ತಿಂಗಳು ಉತ್ಸಾಹ ಉಕ್ಕಿ ಬಂದಿರುತ್ತದೆಯೇ? ನನಗಂತೂ ನಂಬಿಕೆ ಇಲ್ಲ. ತಾರೀಕು ಬಂದಿರುತ್ತದೆ, ಅಷ್ಟೆ.

ಈಗ ಅಂಕಿಸಂಖ್ಯೆಯ ವಿಷಯಕ್ಕೆ ಬರೋಣ. ಬರೆಯುವವರ ಕೈ ಸೋಲಿಸುವುದು ಹೆಚ್ಚಾಗಿ ಇದೇ. ಕಳಿಸಿದ ಅರ್ಧ ಗಂಟೆಗೇ ಶುರು: ಎಷ್ಟು ಜನ ತೆರೆದರು, ಎಷ್ಟು ಜನ ಬಿಟ್ಟು ಹೋದರು. ಈ 'ಓಪನ್ ರೇಟ್' ಅನ್ನುವುದು ಹೇಗೆ ಬರುತ್ತದೆ ಗೊತ್ತೇ? ಪತ್ರದೊಳಗೆ ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರ ಇಟ್ಟಿರುತ್ತಾರೆ. ಪತ್ರ ತೆರೆದಾಗ ಆ ಚಿತ್ರ ಸರ್ವರಿನಿಂದ ಇಳಿಯುತ್ತದೆ, ಇಳಿದರೆ ಒಂದು ಲೆಕ್ಕ. 2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ತನ್ನ ಐಓಎಸ್ 15ರಲ್ಲಿ ಓದುಗರ ಗುಟ್ಟು ಕಾಪಾಡಲೆಂದು ಒಂದು ವ್ಯವಸ್ಥೆ ತಂದಿತು. ಅದನ್ನು ಆನ್ ಮಾಡಿಕೊಂಡವರಿಗೆ, ಪತ್ರ ಓದಲಿ ಬಿಡಲಿ, ಚಿತ್ರಗಳು ಮೊದಲೇ ಇಳಿದಿರುತ್ತವೆ. ಓದದವರೂ ಓದಿದವರ ಪಟ್ಟಿಗೆ! ಇನ್ನೊಂದು ಕಡೆ, ಚಿತ್ರ ಬೇಡ ಅಂತ ಮುಚ್ಚಿಟ್ಟು ಅಕ್ಷರ ಮಾತ್ರ ಓದುವವರು ಲೆಕ್ಕಕ್ಕೇ ಸಿಗುವುದಿಲ್ಲ.

ಕನ್ನಡಕ್ಕೆ ಇನ್ನೊಂದು ತೊಡಕು ಬೇರೆ ಇದೆ. ಜಿಮೇಲ್‌ನಲ್ಲಿ ಪತ್ರ ಸುಮಾರು 102 ಕೆಬಿ ದಾಟಿದರೆ ಉಳಿದದ್ದನ್ನು ಮಡಚಿಟ್ಟುಬಿಡುತ್ತದೆ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ ಮೂರು ಬೈಟ್, ಅದರ ಮೇಲಿನ ಗುಣಿತಕ್ಕೆ ಇನ್ನೂ ಮೂರು. ಹಾಗಾಗಿ ನಮ್ಮ ಪತ್ರ ಬೇಗ ತುಂಬುತ್ತದೆ. ಲೆಕ್ಕದ ಚಿತ್ರ ಪತ್ರದ ತುದಿಯಲ್ಲಿದ್ದರೆ, ಮುಕ್ಕಾಲು ಪಾಲು ಓದಿದವರೂ ಓದಿಲ್ಲ ಅಂತಲೇ ತೋರಿಸೀತು.

ಆ ಕಡೆಯೂ ತಪ್ಪು, ಈ ಕಡೆಯೂ ತಪ್ಪು. ಇಂಥ ಟ್ಯಾಲಿಗೆ ಯಾವ ಬ್ಯಾಂಕಿನವನೂ ಸಹಿ ಹಾಕುವುದಿಲ್ಲ. ಅಂಥ ಅಂಕಿಯನ್ನು ನೋಡಿ ಶನಿವಾರದ ನಿದ್ದೆ ಏಕೆ ಕೆಡಿಸಿಕೊಳ್ಳಬೇಕು? ನಾನು ತಿಂಗಳಿಗೊಮ್ಮೆ ನೋಡುತ್ತೇನೆ, ಅದೂ ವಾಪಸು ಬಂದ ಪತ್ರಗಳ ಪಟ್ಟಿಯನ್ನು ಮಾತ್ರ. ಆ ಪಟ್ಟಿ ಸುಳ್ಳು ಹೇಳುವುದಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಮೂರೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಅಲ್ಲಿದ್ದ ನನ್ನ ಓದುಗರಲ್ಲಿ ಕೆಲವರು ಕಚೇರಿಯ ವಿಳಾಸ ಕೊಟ್ಟಿದ್ದರು. ಪತ್ರಗಳು ವಾಪಸು ಬರತೊಡಗಿದವು. ಫೋನು ಮಾಡಿ ಹೊಸ ವಿಳಾಸ ಕೇಳಿದೆ. "ಅಯ್ಯೋ, ಪತ್ರ ಯಾಕೆ ನಿಂತಿತು ಅಂತಲೇ ಯೋಚಿಸ್ತಿದ್ದೆ ಮಾರಾಯ್ರೆ" ಅಂದರು ಒಬ್ಬರು. ಐದು ವರ್ಷದಲ್ಲಿ ಒಂದು ಸಲವೂ ಉತ್ತರ ಬರೆದವರಲ್ಲ ಅವರು!

ನನ್ನ ಮುಖ್ಯ ವಾದ ಇನ್ನು ಮುಂದಿದೆ.

2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಮೊದಲ ದಿನ ಒಂದು ಖಾತೆಯಿಂದ ತೆಗೆಯಬಹುದಾಗಿದ್ದದ್ದು ಬರೀ 1000 ರೂಪಾಯಿ. ಬಾಗಿಲ ಮುಂದೆ ಜನ, ಟೀವಿ ತುಂಬ ಅಳು, ವಾಟ್ಸಾಪಿನಲ್ಲಿ ನೂರೆಂಟು ಸುದ್ದಿ. ಆಗ ಡೆಪಾಸಿಟ್ ವಿಮೆಯ ಮಿತಿ 1 ಲಕ್ಷ. (5 ಲಕ್ಷ ಆದದ್ದು 2020ರ ಫೆಬ್ರವರಿಯಲ್ಲಿ.) ಆ ವಾರ ಒಂದು ಹೆಚ್ಚುವರಿ ಪತ್ರ ಬರೆದೆ. ವಿಮೆ ಅಂದರೆ ಏನು, ಅಸಲು ಬಡ್ಡಿ ಸೇರಿಸಿ ಎಷ್ಟಕ್ಕೆ ಅನ್ವಯಿಸುತ್ತದೆ, ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿಟ್ಟರೂ ಏಕೆ ಒಟ್ಟಿಗೆ ಲೆಕ್ಕ ಹಾಕುತ್ತಾರೆ, ಯಾವ ಕಾಗದ ಜೋಪಾನ ಮಾಡಬೇಕು... ಇಷ್ಟೇ. ಅಲಂಕಾರ ಏನೂ ಇರಲಿಲ್ಲ. ಆ ಪತ್ರಕ್ಕೆ ನಲವತ್ತಕ್ಕೂ ಹೆಚ್ಚು ಉತ್ತರ ಬಂದವು. ಅದೇ ಬ್ಯಾಂಕಿನಲ್ಲಿ ದುಡ್ಡಿಟ್ಟಿದ್ದ ಒಬ್ಬ ನಿವೃತ್ತರು ಬರೆದರು, "ಟೀವಿ ನೋಡಿ ಕೈಕಾಲು ನಡುಗುತ್ತಿತ್ತು. ಕಡೇಪಕ್ಷ ಎಷ್ಟು ಉಳಿಯುತ್ತೆ ಅಂತ ಈಗ ಗೊತ್ತಾಯಿತು, ಇವತ್ತು ಊಟ ಮಾಡಿದೆ."

ಆ ಪತ್ರ ಅವರು ಏಕೆ ತೆರೆದರು? ಅದಕ್ಕೂ ಮುಂಚೆ ನೂರಿಪ್ಪತ್ತಕ್ಕೂ ಹೆಚ್ಚು ಸಪ್ಪೆ ಪತ್ರಗಳು ತಪ್ಪದೆ ಹೋಗಿದ್ದವು, ಅದಕ್ಕೆ. ಲಾಕರ್ ಬಾಡಿಗೆಯ ಪತ್ರ, ನಾಮಿನಿ ಪತ್ರ, ಯಾರೂ ಒಂದಕ್ಷರ ಉತ್ತರ ಬರೆಯದ ಪತ್ರ. ಆ ಸಪ್ಪೆ ಪತ್ರಗಳಲ್ಲೇ ನಂಬಿಕೆ ಜಮೆ ಆಗಿತ್ತು. ಆರ್‌ಡಿ ಖಾತೆ ಇದ್ದ ಹಾಗೆ, ತಿಂಗಳ ಕಂತು ನೋಡಲು ಚಿಕ್ಕದು, ಕಟ್ಟುವಾಗ ಬೇಸರ, ಆದರೆ ಬೇಕಾದ ದಿನ ಕೈಗೆ ಸಿಗುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಲು ಆಗುತ್ತದೆಯೇ? ಆ ವಾರವೇ ಹೊಸದಾಗಿ ಪತ್ರ ಶುರು ಮಾಡಿದ್ದರೆ ಅದು ವಾಟ್ಸಾಪಿನ ನೂರಾಒಂಬತ್ತನೇ ಸುದ್ದಿ ಆಗುತ್ತಿತ್ತು.

ಹಾಗಾದರೆ ತಪ್ಪದೆ ಬರೆಯುವುದು ಹೇಗೆ? ನನ್ನ ರೂಢಿಗಳನ್ನು ಹೇಳುತ್ತೇನೆ, ಬೇಕಾದ್ದು ತೆಗೆದುಕೊಳ್ಳಿ.

ಮೊದಲನೆಯದು, ದಿನ ನಿಗದಿ. 2015ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಬಂತು. ಅವೇ ನನ್ನ ಪತ್ರದ ದಿನಗಳು. ಬೆಳಿಗ್ಗೆ 8ಕ್ಕೆ ಹೋಗಬೇಕು. ಚೆನ್ನಾಗಿದ್ದರೂ ಹೋಗಬೇಕು, ಸುಮಾರಾಗಿದ್ದರೂ ಹೋಗಬೇಕು. ಕ್ಯಾಶ್ ಕೌಂಟರಿನಲ್ಲಿ ಇವತ್ತು ಮೂಡ್ ಇಲ್ಲ ಅಂತ ಲೆಕ್ಕ ಮುಗಿಸದೆ ಎದ್ದು ಬರುವ ಹಾಗಿಲ್ಲವಲ್ಲ.

ಎರಡನೆಯದು, ಒಬ್ಬರಿಗೆ ಬರೆಯುವುದು. ಮುನ್ನೂರು ಜನರಿಗೆ ಬರೆಯಲು ಕೂತರೆ ಭಾಷಣ ಆಗುತ್ತದೆ. ನಾನು ಘಾಟ್‌ಕೋಪರಿನ ಒಬ್ಬ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತೇನೆ. ಅವರಿಗೆ ಅರ್ಥವಾಗದ ವಾಕ್ಯ ತೆಗೆಯುತ್ತೇನೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು ಎಂಬ ನಿಯಮ ಬಂದಾಗ, "ಹಾಗಾದ್ರೆ ಮೂರು ಮಕ್ಕಳಿಗೂ ಹಂಚಬಹುದಾ?" ಅಂತ ಅವರು ಕೇಳುವ ದನಿ ಕಿವಿಯಲ್ಲೇ ಇತ್ತು. ಪತ್ರ ಅಲ್ಲಿಂದಲೇ ಶುರುವಾಯಿತು.

ಮೂರನೆಯದು, ಲೋಕಲ್ ಟ್ರೇನಿನ ಚೀಟಿ. ಕೌಂಟರಿನಲ್ಲಿ ಯಾರಾದರೂ ಕೇಳಿದ ಪ್ರಶ್ನೆಯನ್ನು, ಹೆಸರು ದಿನೆ ಬಿಟ್ಟು, ಸಣ್ಣ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ವಿಷಯ ಇಲ್ಲ ಅನ್ನುವ ಮಾತೇ ಬರುವುದಿಲ್ಲ. ಜೊತೆಗೆ ಯಾವಾಗ ಬೇಕಾದರೂ ಕಳಿಸಬಹುದಾದ ಎರಡು ಪತ್ರ ಸದಾ ಸಿದ್ಧ ಇರುತ್ತವೆ. ಮನೆಯಲ್ಲಿ ಜ್ವರ, ಊರಿಗೆ ಓಡಬೇಕಾದ ಪ್ರಸಂಗ, ಅಂಥ ಶನಿವಾರಕ್ಕೆ ಅವು.

ನಾಲ್ಕನೆಯದು, ಹೇಳಿ ರಜೆ ತೆಗೆದುಕೊಳ್ಳುವುದು. ಮಾರ್ಚ್ ಕೊನೆಯ ಪತ್ರ ಇರುವುದಿಲ್ಲ ಅಂತ ಮೊದಲೇ ಬರೆದಿರುತ್ತೇನೆ, ಇಯರ್ ಎಂಡಿಂಗ್ ಅಂದರೆ ಬ್ಯಾಂಕಿನವರಿಗೆ ಬೇರೆ ಹೇಳಬೇಕಾಗಿಲ್ಲ. ಹೇಳಿ ತೆಗೆದುಕೊಂಡ ರಜೆ ರಜೆ. ಹೇಳದೆ ತಪ್ಪಿಸಿದ ಒಂದು ಪತ್ರ ಮುಂದಿನ ಮೂರನ್ನು ತಿನ್ನುತ್ತದೆ.

ದುಡ್ಡು ಬಂದರೆ ಹುರುಪು ಬರುತ್ತದೆ ಅನ್ನುವವರಿದ್ದಾರೆ. 2017ರಲ್ಲಿ ಸಬ್‌ಸ್ಟ್ಯಾಕ್ ಬಂದ ಮೇಲೆ ಚಂದಾ ಪಡೆದು ಬರೆಯುವ ಪದ್ಧತಿ ಜೋರಾಯಿತು, ಚಂದಾದಲ್ಲಿ ನೂರಕ್ಕೆ 10 ಅದರ ಪಾಲು. ಇಂಗ್ಲಿಷಿನಲ್ಲಿ ಅದರಿಂದಲೇ ಬದುಕುವವರೂ ಇದ್ದಾರೆ, ಸಂತೋಷ. ನಮ್ಮ ಲೆಕ್ಕ ನೋಡಿ: 300 ಜನರಲ್ಲಿ ನೂರಕ್ಕೆ 5 ಜನ ತಿಂಗಳಿಗೆ 100 ರೂಪಾಯಿ ಕೊಟ್ಟರೂ 1500. ಹತ್ತು ಪರ್ಸೆಂಟ್ ಕಳೆದರೆ 1350. ಆ ಆಸೆಗೆ ಬರೆಯುವವನು ಮೂರನೇ ತಿಂಗಳೇ ನಿಲ್ಲಿಸುತ್ತಾನೆ, ಅವನದೇನೂ ತಪ್ಪಿಲ್ಲ.

"ಈಗ ಎಐ ಇದೆ, ಅದರಿಂದಲೇ ಬರೆಸಿಬಿಡಿ, ಬೇಸರವೇ ಇರಲ್ಲ" ಅಂತ ಶಾಖೆಯ ಹುಡುಗರು ಹೇಳುತ್ತಾರೆ. ಬೇಸರ ಇರುವುದಿಲ್ಲ, ನಿಜ. ಆದರೆ ಘಾಟ್‌ಕೋಪರಿನ ಹಿರಿಯರು ಕೇಳಿದ ಪ್ರಶ್ನೆ ಅದಕ್ಕೆ ಕೇಳಿಸಿರುವುದಿಲ್ಲವಲ್ಲ. ಕಾಗುಣಿತ ನೋಡಲು ಅದು ಇರಲಿ. ಪತ್ರ ಬರೆದವರು ಯಾರೋ ಇದ್ದಾರೆ ಅನ್ನುವ ಭರವಸೆಗೇ ಜನ ಅದನ್ನು ತೆರೆಯುವುದು.

ಕೊನೆಯ ಮಾತು ಸ್ವಲ್ಪ ಭಾರದ್ದು. ನಮ್ಮಂಥವರ ಪಟ್ಟಿ ಬೆಳೆಯುವುದಿಲ್ಲ, ಕರಗುತ್ತದೆ. ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕಳೆದ ವರ್ಷ ಒಬ್ಬ ಓದುಗರ ಮಗ ಇಂಗ್ಲಿಷಿನಲ್ಲಿ ಬರೆದರು: ಅಪ್ಪ ತೀರಿಕೊಂಡರು, ನಿಮ್ಮ ಪತ್ರಗಳನ್ನೆಲ್ಲ ಪ್ರಿಂಟ್ ತೆಗೆಸಿ ಫೈಲ್ ಮಾಡಿಟ್ಟಿದ್ದಾರೆ, ಅಂಚಿನಲ್ಲಿ ಏನೇನೋ ಬರೆದಿದ್ದಾರೆ, ನಮಗೆ ಯಾರಿಗೂ ಓದಲು ಬರುವುದಿಲ್ಲ. ಫೋಟೋ ಕಳಿಸಿ ಅಂದೆ. ನಾಮಿನಿ ಪತ್ರದ ಅಂಚಿನಲ್ಲಿ ಯಾವ ಬ್ಯಾಂಕಿನಲ್ಲಿ ಯಾವ ಡೆಪಾಸಿಟ್ಟು, ಯಾರ ಹೆಸರಿಗೆ, ರಸೀದಿ ಯಾವ ಪೆಟ್ಟಿಗೆಯಲ್ಲಿ ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಫೋನಿನಲ್ಲಿ ಓದಿ ಹೇಳಿದೆ. ಆ ಪತ್ರ ಹೋದ ವರ್ಷ ಅದಕ್ಕೆ ಒಂದೇ ಒಂದು ಉತ್ತರವೂ ಬಂದಿರಲಿಲ್ಲ.

ಅಂದಿನಿಂದ ಪ್ರತಿ ಪತ್ರವನ್ನು ನಾನೇ ಗಟ್ಟಿಯಾಗಿ ಓದಿ ಧ್ವನಿಯನ್ನೂ ಜೊತೆಗೆ ಕಳಿಸುತ್ತೇನೆ. ಅಕ್ಷರ ಬರದ ಮಗ ಸೊಸೆ ಕೇಳಲಿ ಅಂತ. ಕೆಲಸ ಒಂದು ಗಂಟೆ ಹೆಚ್ಚಾಯಿತು, ಆಗಲಿ.

ಒಂದು ದಿನ ನಿಲ್ಲಿಸಬೇಕಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಕೊರವಂಜಿಯೂ ನಿಂತಿತು. ನಿಲ್ಲಿಸುವಾಗ ಹೇಳಿ ನಿಲ್ಲಿಸಿ, ಹಳೆಯ ಪತ್ರಗಳು ಎಲ್ಲಿ ಸಿಗುತ್ತವೆ ತಿಳಿಸಿ, ಇಷ್ಟು ಸಾಕು. ಆದರೆ ಯಾರೂ ಓದುತ್ತಿಲ್ಲ ಎಂಬ ಕಾರಣಕ್ಕೆ ಮಾತ್ರ ನಿಲ್ಲಿಸಬೇಡಿ. ಅದು ನಿಮಗೆ ಗೊತ್ತಿರುವ ಸಂಗತಿ ಅಲ್ಲ.

ಓದುಗರಲ್ಲೂ ಒಂದು ಬೇಡಿಕೆ. ನಿಮಗೆ ವರ್ಷಗಳಿಂದ ಯಾರೋ ತಪ್ಪದೆ ಬರೆಯುತ್ತಿದ್ದರೆ ಇವತ್ತು ಅವರಿಗೆ ಒಂದು ಸಾಲು ಹಾಕಿ. 'ತಲುಪಿತು, ಓದಿದೆ' ಅಂದರೂ ನಡೆದೀತು. ಏನಂತೀರಿ?