ಬೇಸ್ ಗಿಟಾರಿನ ಆಯ್ಕೆಯ ವಿಷಯವಾಗಿ ಕೆಲವು ಮಾತುಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ವಾದ್ಯವೃಂದಕ್ಕೆ ಒಂದು ಬೇಸ್ ಗಿಟಾರನ್ನು ಕಾಣಿಕೆಯಾಗಿ ಕೊಡಲು ಮುಂದೆ ಬಂದಿರುವ ಸಂಗತಿಯು ಪಾಲಕರಲ್ಲಿ ಬಹುಮಂದಿಗೆ ತಿಳಿದೇ ಇದೆ. ಅವರ ಔದಾರ್ಯಕ್ಕೆ ನಾನು ಕೃತಜ್ಞಳು. ಆದರೆ ಈ ವಿಷಯವಾಗಿ ನನಗೆ ಬಂದ ಪತ್ರಗಳಲ್ಲಿ ಐದು ತಂತಿಯ ವಾದ್ಯವೇ ಬೇಕೆನ್ನುವವರು ಕೆಲವರು. ಹೆಸರಾದ ಅಮೇರಿಕದ ಮುದ್ರೆಯಿಲ್ಲದಿದ್ದರೆ ಶಾಲೆಗೆ ಶೋಭೆಯಲ್ಲವೆನ್ನುವವರು ಕೆಲವರು. ಹೆಣ್ಣುಮಕ್ಕಳಿಗೆ ಇದೇಕೆ, ಹಾರ್ಮೋನಿಯಂ ಸಾಲದೇ ಎನ್ನುವವರು ಇನ್ನು ಕೆಲವರು. ಎಲ್ಲರಿಗೂ ಬೇರೆಬೇರೆಯಾಗಿ ಉತ್ತರ ಬರೆಯುವದಕ್ಕಿಂತ ನನ್ನ ಅಭಿಪ್ರಾಯವನ್ನು ಇಲ್ಲಿಯೇ ತಿಳಿಸುವದು ಮೇಲೆಂದು ತೋರಿತು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನಾಲ್ಕು ವರ್ಷಗಳ ಹಿಂದೆ ಇಂಥದೇ ವಾದ್ಯವೊಂದನ್ನು ಕೊಂಡವಳು ನಾನೇ. ಚಿತ್ರಗಳಲ್ಲಿ ದೊಡ್ಡ ವಾದಕರ ಕೊರಳಲ್ಲಿ ತೂಗುವಂಥದನ್ನೇ ಆರಿಸಿದೆನು. ಅಂಕೋಲೆಯ ಕಡೆಯಿಂದ ಬರುತ್ತಿದ್ದ ಎಂಟನೆಯ ಇಯತ್ತೆಯ ಹುಡುಗೆಯೊಬ್ಬಳು ಸಾಯಂಕಾಲದ ಬಸ್ಸನ್ನು ತಪ್ಪಿಸಿಕೊಂಡಾದರೂ ಅದನ್ನು ಅಭ್ಯಸಿಸುತ್ತಿದ್ದಳು. ಆರು ತಿಂಗಳಲ್ಲಿ ಅವಳ ಎಡ ಮಣಿಗಂಟು ಬಾತುಕೊಂಡಿತು. ‘ನನ್ನ ಕೈಯೇ ಚಿಕ್ಕದು, ಬಾಯಿಯವರೇ’ ಎಂದು ಹೇಳಿ ಅವಳು ವಾದ್ಯವನ್ನು ಒಪ್ಪಿಸಿ ಹೋದಳು. ನಾನೂ ಹೌದೆಂದು ಸುಮ್ಮನಾದೆನು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ತಂತಿಗಳು ಕೆಂಪಗೆ ತುಕ್ಕು ಹಿಡಿದಿದ್ದವು. ಒಳಗಿನ ಬ್ಯಾಟರಿ ಒಸರಿ ತಾಮ್ರದ ತುಂಡುಗಳನ್ನು ತಿಂದಿತ್ತು. ಕೈ ಚಿಕ್ಕದಾಗಿರಲಿಲ್ಲ, ವಾದ್ಯವು ದೊಡ್ಡದಾಗಿತ್ತು ಎಂಬುದನ್ನು ನಾನು ತಿಳಿದುಕೊಂಡದ್ದು ಆ ಬಳಿಕ, ಅಳತೆಪಟ್ಟಿಯನ್ನು ಹಿಡಿದು ಕುಳಿತಾಗ.

ಲಿಯೋ ಫೆಂಡರನು 1951ರಲ್ಲಿ ಹೊರತಂದ ಪ್ರಿಸಿಜನ್ ಬೇಸಿನಲ್ಲಿ ಮೇಲಿನ ಕಟ್ಟೆಯಿಂದ ಕೆಳಗಿನ ಕುದುರೆಯವರೆಗೆ ತಂತಿಯ ಉದ್ದವು 34 ಅಂಗುಲ. ಇಂದಿಗೂ ಹೆಚ್ಚಿನ ಬೇಸುಗಳ ಅಳತೆ ಇದೇ. ಇದರಲ್ಲಿ ಒಂದನೆಯ ಮೆಟ್ಟಿನಿಂದ ನಾಲ್ಕನೆಯ ಮೆಟ್ಟಿಗೆ ಬೆರಳುಗಳು 5.1 ಅಂಗುಲ ಚಾಚಬೇಕು. ತಂತಿಯು 30 ಅಂಗುಲವಾದರೆ ಆ ಚಾಚು 4.5 ಅಂಗುಲಕ್ಕೆ ಇಳಿಯುವದು. ಅಲ್ಲದೆ ಅದೇ ದಪ್ಪದ ತಂತಿಯನ್ನು ಅದೇ ಸ್ವರಕ್ಕೆ ಕಟ್ಟಿದಾಗ ಅದರ ಬಿಗಿತವು ನೂರಕ್ಕೆ ಇಪ್ಪತ್ತೆರಡರಷ್ಟು ಕಡಿಮೆಯಾಗುವದು. ಹದಿಮೂರು ವರ್ಷದ ಹುಡುಗೆಯ ಬೆರಳಿಗೆ ಇದು ಅಲ್ಪವಾದ ಅಂತರವಲ್ಲ. ಗಿಡ್ಡ ಅಳತೆಯದು ಮಕ್ಕಳ ಆಟಿಕೆಯೆಂದು ಒಬ್ಬ ಪಾಲಕರು ಬರೆದಿದ್ದಾರೆ. ಜರ್ಮನಿಯ ಹಾಫ್ನರ್ ಕಂಪನಿಯು 1956ರಿಂದ ಮಾಡುತ್ತ ಬಂದ, ಪಿಟೀಲಿನ ಆಕಾರದ ಬೇಸು ಸುಮಾರು 30 ಅಂಗುಲದ್ದೇ. ಪಾಲ್ ಮೆಕಾರ್ಟ್ನಿಯು 1961ರಲ್ಲಿ ಹ್ಯಾಂಬರ್ಗಿನಲ್ಲಿ ಅದನ್ನೇ ಕೊಂಡು ಲೋಕಪ್ರಸಿದ್ಧನಾದನು. ನಮ್ಮ ಮಿರಜಿನ ಕುಶಲಿಗರೂ ಹೆಂಗಸರ ಸ್ವರಕ್ಕೆಂದು ಚಿಕ್ಕ ತಂಬೂರಿಯನ್ನು ಬೇರೆಯಾಗಿಯೇ ಮಾಡುವರು. ಅದನ್ನು ಆಟಿಕೆಯೆಂದವರನ್ನು ನಾನು ಕಂಡಿಲ್ಲ.

ಇನ್ನು ಪಿಕಪ್ಪು. ಅಯಸ್ಕಾಂತಕ್ಕೆ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸಾಧನವಿದು. ಅದರ ಮೇಲೆ ಉಕ್ಕಿನ ತಂತಿಯು ಅದುರಿದಾಗ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವದು. ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ತೊಡಕಿರುವದು ಇಲ್ಲಿ: ಸುರುಳಿಯು ತಂತಿಯ ನಾದವನ್ನಷ್ಟೇ ಅಲ್ಲ, ಗೋಡೆಯೊಳಗಿನ ವಿದ್ಯುತ್ತಿನ ಗುಂಯ್ಗುಡುವಿಕೆಯನ್ನೂ ಹಿಡಿಯುವದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಬೇಸಿನ ಅತಿ ದಪ್ಪ ತಂತಿಯು ಬಿಟ್ಟು ಮೀಟಿದಾಗ 41 ಸಲ, ಮೂರನೆಯ ಮೆಟ್ಟಿನಲ್ಲಿ ಒತ್ತಿ ಮೀಟಿದಾಗ 49 ಸಲ ಅದುರುವದು. ಅಂದರೆ ಆ ಗುಂಯ್ಗುಟ್ಟುವಿಕೆಯು ಸ್ವರದ ಮಗ್ಗುಲಲ್ಲಿಯೇ, ತುಸು ಅಪಸ್ವರವಾಗಿ ಕುಳಿತಿರುವದು! ನಮ್ಮ ಸಭಾಗೃಹದ ಹಳೆಯ ವೈರಿಂಗನ್ನು ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರವು 1957ರಿಂದಲೇ ಇದೆ. ಆ ವರ್ಷ ಪ್ರಿಸಿಜನ್ ಬೇಸಿನ ಪಿಕಪ್ಪನ್ನು ಎರಡು ತುಂಡಾಗಿಸಿ, ಒಂದೊಂದನ್ನು ಎರಡೆರಡು ತಂತಿಗಳ ಕೆಳಗಿಟ್ಟು, ಸುರುಳಿಗಳನ್ನೂ ಅಯಸ್ಕಾಂತಗಳನ್ನೂ ಒಂದಕ್ಕೊಂದು ವಿರುದ್ಧವಾಗಿಸಿದರು. ಹೊರಗಿನ ಗದ್ದಲವು ಅಳಿಯುವದು, ತಂತಿಯ ನಾದವು ಉಳಿಯುವದು. 1960ರ ಜ್ಯಾಜ್ ಬೇಸಿನಲ್ಲಿ ಎರಡು ಒಂಟಿ ಪಿಕಪ್ಪುಗಳುಂಟು. ಕತ್ತು ತೆಳುವಾಗಿದ್ದು ಚಿಕ್ಕ ಕೈಗೆ ಹಿತಕರ. ಆದರೆ ಎರಡನ್ನೂ ಸಮವಾಗಿ ತೆರೆದಾಗ ಮಾತ್ರ ಗದ್ದಲ ಅಡಗುವದು. ಒಂದನ್ನು ತಗ್ಗಿಸಿದೊಡನೆ ಮರಳುವದು. ಹುಡುಗೆಯರು ಗುಬಟಿಗಳನ್ನು ತಿರುವದೆ ಇರುವರೆಂದು ನಾನು ಪ್ರಮಾಣ ಮಾಡಲಾರೆ. ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಬಗೆಯು ನಾದವನ್ನು ಹಲವು ರೀತಿಯಲ್ಲಿ ತಿದ್ದಬಲ್ಲದು, ನಿಜ. ಬೇಸಿಗೆಯ ರಜೆಯಲ್ಲಿ ಆ ಬ್ಯಾಟರಿಯನ್ನು ತೆಗೆದಿಡುವವರಾರು? ಆದುದರಿಂದ ಬ್ಯಾಟರಿ ಇಲ್ಲದ, ಒಡೆದ ಪಿಕಪ್ಪಿನ, ನಾಲ್ಕೇ ತಂತಿಯ ವಾದ್ಯವು ನನ್ನ ಆಯ್ಕೆ. ಐದನೆಯ ತಂತಿಯು ಸೆಕೆಂಡಿಗೆ 31 ಸಲ ಅದುರುವದು. 30 ಅಂಗುಲದ ವಾದ್ಯದಲ್ಲಿ ಅದು ಜೋಲುವದು, ನಮ್ಮ ಧ್ವನಿವರ್ಧಕದಲ್ಲಿ ಕೇಳಿಸಲಿಕ್ಕೂ ಇಲ್ಲ.

ತಂತಿಗಳ ವಿಷಯದಲ್ಲಿ ಕಾರವಾರದ ಗಾಳಿಯನ್ನು ಮರೆತು ಮಾತಾಡುವದು ವ್ಯರ್ಥ. ದುಂಡು ಸುತ್ತಿನ ತಂತಿಯು ಝಣಝಣನೆ ಹೊಳೆಯುವ ನಾದ ಕೊಡುವದು; ಲಂಡನ್ನಿನ ಜಾನ್ ಎಂಟ್ವಿಸಲ್ 1966ರಲ್ಲಿ ರೋಟೋಸೌಂಡ್ ಕಂಪನಿಯವರೊಡನೆ ಕುಳಿತು ಅದನ್ನು ಹದಗೊಳಿಸಿದನು. ಆದರೆ ಅದರ ಸುತ್ತುಸುತ್ತಿನ ಸಂದಿಯಲ್ಲಿಯೂ ಬೆವರು, ಉಪ್ಪುಗಾಳಿ, ಜಿಡ್ಡು ಸೇರಿಕೊಳ್ಳುವವು. ಚಪ್ಪಟೆ ಪಟ್ಟಿಯನ್ನು ಸುತ್ತಿದ ತಂತಿಯು ನುಣುಪು; ಒರಸಿಟ್ಟರೆ ವರ್ಷಗಟ್ಟಲೆ ಬಾಳುವದು, ಬೆರಳನ್ನು ತರಚದು. ಡೆಟ್ರಾಯಿಟಿನ ಜೇಮ್ಸ್ ಜೇಮರ್ಸನ್ ಇಂಥ ತಂತಿಗಳಲ್ಲಿಯೇ ಮೋಟೌನಿನ ಹಾಡುಗಳಿಗೆ ತಳಪಾಯ ಹಾಕಿದನು. ಬೆಲೆ ಹೆಚ್ಚು, ಸಾಮಾನ್ಯವಾಗಿ ಬಿಗಿತವೂ ತುಸು ಹೆಚ್ಚು. ಗಿಡ್ಡ ಅಳತೆಯು ಆ ಬಿಗಿತವನ್ನು ಸರಿತೂಗಿಸುವದು. ಉದ್ದದ ವಾದ್ಯಕ್ಕೆಂದು ಮಾಡಿದ ದಪ್ಪ ಚಪ್ಪಟೆ ತಂತಿಯನ್ನು ಮಾತ್ರ ಗಿಡ್ಡದಕ್ಕಾಗಿ ಕತ್ತರಿಸಬಾರದು. ಸುತ್ತು ಬಿಚ್ಚಿಕೊಳ್ಳುವ ಭಯವುಂಟು. ಇನ್ನೊಂದು ಮಾತು. ಬಹಳಷ್ಟು ಗಿಟಾರುಗಳ ಬೆರಳುಹಲಗೆಯು ನಮ್ಮ ಘಟ್ಟಗಳಲ್ಲಿಯೂ ಬೆಳೆಯುವ ಬೀಟೆಮರದ್ದು. 2017ರಿಂದ ಆ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರವು ನಿರ್ಬಂಧಕ್ಕೆ ಒಳಗಾಗಿದೆ. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ನಮ್ಮ ಮಗ್ಗುಲಿನ ಮರವು ಸಾಗರ ದಾಟಿ ಹೋಗಿ ಹತ್ತುಪಟ್ಟು ಬೆಲೆಗೆ ತಿರುಗಿ ಬರುವದನ್ನು ನೋಡಿ ನನಗೆ ನಗುವೂ ಬರುವದು.

ಹಾರ್ಮೋನಿಯಂ ಸಾಲದೇ ಎಂದವರಿಗೆ ಹೆಚ್ಚಿಗೆ ಹೇಳಲಾರೆ. ಅದು ಇದ್ದೇ ಇದೆ. ಮಂದ್ರಸ್ವರವು ಗಂಡಸಿನದೆಂಬ ಭಾವನೆ ಅವರದಾಗಿದ್ದರೆ, ಧಾರವಾಡದ ನೆಲದ ಗಂಗೂಬಾಯಿ ಹಾನಗಲ್ಲರ ಕಂಠವನ್ನೊಮ್ಮೆ ಕೇಳಲಿ. ಲಾಸ್ ಎಂಜಲ್ಸಿನ ಕ್ಯಾರೋಲ್ ಕೇ ಎಂಬಾಕೆಯು 1963ರಲ್ಲಿ ಬಾರದ ವಾದಕನೊಬ್ಬನ ಸ್ಥಳದಲ್ಲಿ ಬೇಸು ಹಿಡಿದವಳು ಮುಂದೆ ಅದರಲ್ಲಿಯೇ ಅಗ್ರಗಣ್ಯಳಾದಳು. ಮುಂಬಯಿಯ ಮೋಹಿನಿ ಡೇ ಚಿಕ್ಕಂದಿನಲ್ಲಿಯೇ ತಂದೆಯಿಂದ ಕಲಿತು ಇಂದು ದೇಶವಿದೇಶಗಳಲ್ಲಿ ನುಡಿಸುತ್ತಾಳೆ.

ಮುದ್ರೆಯ ಹೆಸರಿಗೆಂದು ತೆಗೆದಿಟ್ಟ ಹಣದಲ್ಲಿ ಅರ್ಧವು ಉಳಿಯಬಹುದು. ಅದರಿಂದ ಸಭಾಗೃಹಕ್ಕೆ ಸರಿಯಾದ ಅರ್ಥಿಂಗ್ ಮಾಡಿಸಿ, ಬೇಸಿಗೆಂದೇ ಇರುವ ಒಂದು ಧ್ವನಿವರ್ಧಕವನ್ನೂ ಬಾಗಿಲು ಬಿಗಿಯಾಗಿ ಮುಚ್ಚುವ ಒಂದು ಕಪಾಟನ್ನೂ ಕೊಳ್ಳಬೇಕೆಂದು ದಾನಿಗಳಲ್ಲಿ ಬೇಡುತ್ತೇನೆ. ಕಪಾಟಿನ ಮೇಲೆ ಹೆಸರು ಕೆತ್ತಿಸಲು ನನ್ನ ಅಡ್ಡಿಯಿಲ್ಲ. ವಾದ್ಯವನ್ನು ಮಾತ್ರ ಯಾರೂ ಮೊದಲೇ ಕೊಂಡು ಕಳುಹಬಾರದು. ಮಡಗಾಂವಿಗೋ ಹುಬ್ಬಳ್ಳಿಗೋ ಹೋಗುವಾಗ ವಾದ್ಯವೃಂದದ ಮೂವರು ಹುಡುಗೆಯರನ್ನು ಕರೆದೊಯ್ಯುವೆನು. ಅವರಲ್ಲಿ ಅತಿ ಗಿಡ್ಡದ ಹುಡುಗೆಯು ಅರ್ಧ ಗಂಟೆ ನುಡಿಸಿ ಕೈ ನೋಯಲಿಲ್ಲವೆಂದ ಬಳಿಕವೇ ಹಣ ಕೊಡುವೆನು.